ಕಾಫಿ ಕೊಡದ ಮನೆ

ಮನೆ ಭೇಟಿಯ ವರದಿಯಲ್ಲಿ ಕಾಫಿಗೆ ಕಾಲಂ ಇರಲಿಲ್ಲ. ಮನೆ ಸ್ವಂತದ್ದೋ ಬಾಡಿಗೆಯದೋ, ಕಕ್ಕಸು ಇದೆಯೋ ಇಲ್ಲವೋ, ಶಾಲೆ ಎಷ್ಟು ದೂರ, ಎಲ್ಲಕ್ಕೂ ಇತ್ತು. ಕೊನೆಯಲ್ಲಿ ‘ಶಿಫಾರಸು’ ಎಂದು ಒಂದೇ ಗೆರೆ. ಮಗುವನ್ನು ಈ ಮನೆಗೆ ಕಳಿಸಬೇಕೋ ಬೇಡವೋ ಅನ್ನುವುದನ್ನು ಆ ಗೆರೆಯಲ್ಲಿ ಹಿಡಿಸಬೇಕು.

ನಾನು ಕಾಫಿ ನೋಡಿ ಬರೆಯುತ್ತಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ, ತುಮಕೂರಿನ ಬಾಲಮಂದಿರದ ಮಕ್ಕಳನ್ನು ಕೇಳಿಕೊಂಡು ಬಂದ ನೆಂಟರ ಮನೆಗಳನ್ನು ನೋಡಿ ಬರುವ ಕೆಲಸ ನನ್ನದು. ಹೊಸ ಲೋಟದಲ್ಲಿ, ಬಿಸ್ಕತ್ತಿನ ಜೊತೆ ಕಾಫಿ ಬಂದರೆ ಅನುಮಾನ. ನೆಗ್ಗಿದ ಲೋಟದಲ್ಲಿ ಬಂದರೆ ಸಮಾಧಾನ. ಇದೇನೂ ಶಾಸ್ತ್ರವಲ್ಲ, ನನಗೂ ಗೊತ್ತಿತ್ತು. ಆದರೆ ಒಂದು ಗಂಟೆ ಕೂತು ಬಂದು ಒಂದು ಮಗುವಿನ ಹಣೆಬರಹ ಬರೆ ಅಂದರೆ, ಯಾರಾದರೂ ಏನನ್ನಾದರೂ ಹಿಡಿದುಕೊಳ್ಳಲೇಬೇಕಲ್ಲ.

ನಿಟ್ಟೂರಿನ ಆ ಮನೆಯಲ್ಲಿ ಕಾಫಿಯೇ ಬರಲಿಲ್ಲ. ಅಪ್ಪ ಅಮ್ಮ ಇಲ್ಲದ ಏಳು ವರ್ಷದ ಹುಡುಗಿಯನ್ನು ಕೇಳಿಕೊಂಡು ಬಂದಿದ್ದವಳು ಅವಳ ಸೋದರತ್ತೆ. ಗಂಡ ತೀರಿಕೊಂಡು ಒಬ್ಬಳೇ ಇದ್ದಳು. ನನ್ನನ್ನು ನಿಲ್ಲಿಸಿಕೊಂಡೇ ಮಾತಾಡಿದಳು.

“ಮಗೂಗೆ ಹೊಡೀತೀರಾ?” ಎಂದೆ. ಈ ಪ್ರಶ್ನೆಗೆ ಎಲ್ಲರೂ ‘ದೇವರಂಗೆ ನೋಡ್ಕೋತೀವಿ ಮೇಡಂ’ ಅನ್ನುತ್ತಿದ್ದರು.

“ತಪ್ಪು ಮಾಡುದ್ರೆ ಒಂದೇಟು ಬಿಡ್ತೀನಿ. ಯಾಕೆ, ನೀವು ನಿಮ್ ಮಕ್ಕಳಿಗೆ ಹೊಡ್ಯಲ್ವಾ?”

ಅವತ್ತು ಬೆಳಿಗ್ಗೆ ಬಟವಾಡಿಯ ನಮ್ಮ ಮನೆಯಲ್ಲಿ, ಬಸ್ಸಿಗೆ ಹೊತ್ತಾಯಿತೆಂದು ಮಗಳಿಗೆ ಒಂದೇಟು ಬಿಟ್ಟೇ ಬಂದಿದ್ದೆ. ಅಲ್ಲಿಂದ ಹೊರಟು ಪಕ್ಕದ ಮನೆಯಾಕೆಯನ್ನು ಕೇಳಿದೆ. “ಆವಮ್ಮನ ಬಾಯಿ ಬೊಂಬಾಯಿ. ಕೈ ಹೆಂಗೋ ನಂಗೊತ್ತಿಲ್ಲ,” ಅಂದಳು. ನನಗೆ ಬೇಕಾಗಿದ್ದದ್ದು ಕೈಯ ವಿಷಯವೇ.

ಎರಡು ದಿನ ಆ ಗೆರೆ ಖಾಲಿ ಇತ್ತು. ಬಾಲಮಂದಿರದಲ್ಲಿ ಹುಡುಗಿಯನ್ನೇ ಕೇಳಿದೆ.

“ಅತ್ತೆ ಮನೆಗೆ ಹೋಗ್ತೀಯಾ?”

“ಹೂಂ.”

“ಇಲ್ಲೇ ಇರ್ತೀಯಾ?”

ಅದಕ್ಕೂ “ಹೂಂ.”

ಕೊನೆಗೆ ‘ಕಳುಹಿಸಬಹುದು’ ಎಂದು ಬರೆದೆ. ಆ ಹೆಂಗಸಿಗೆ ನಯವಾಗಿ ಸುಳ್ಳು ಹೇಳಲು ಬರುವುದಿಲ್ಲ ಎಂಬುದೊಂದೇ ನನಗಿದ್ದ ಆಧಾರ. ಆಫೀಸಿನಲ್ಲಿ ನಮ್ಮ ಸಾಹೇಬರು ಓದಿ, “ಬಹುದು ಅಂದ್ರೇನಮ್ಮಾ, ಕಳಿಸೋದಾ ಬೇಡ್ವಾ?” ಎಂದರು. “ಕಳಿಸೋಣ ಸಾರ್,” ಅಂದೆ. ನನ್ನ ಲೆಕ್ಕ ತಪ್ಪಿದರೆ ಏಟು ತಿನ್ನುವವಳು ನಾನಲ್ಲ, ಆ ಹುಡುಗಿ.

ಮೂರು ತಿಂಗಳ ನಂತರ, ಹೇಳದೆ ಕೇಳದೆ ನಿಟ್ಟೂರಿಗೆ ಹೋದೆ. ಹೆದರಿಕೊಂಡೇ ಹೋದೆ. ಹುಡುಗಿ ಬಾಗಿಲಿಗೆ ಅಡ್ಡವಾಗಿ ನಿಂತಳು. ನನ್ನ ಕಣ್ಣು ಮೊದಲು ಅವಳ ಕೈಕಾಲನ್ನೇ ಹುಡುಕಿತು. ಮೊಣಕಾಲಲ್ಲಿ ಒಂದು ತರಚು ಗಾಯ. ಬಿದ್ದದ್ದೋ ಬೀಳಿಸಿದ್ದೋ, ಗಾಯ ನೋಡಿದರೆ ತಿಳಿಯುವುದಿಲ್ಲ.

“ನನ್ನ ವಾಪಸ್ ಕರ್ಕೊಂಡ್ ಹೋಗಕ್ ಬಂದ್ರಾ?”

“ಇಲ್ಲ ಕಣೇ, ನೋಡ್ಕೊಂಡ್ ಹೋಗಣ ಅಂತ ಬಂದೆ.”

ಅವಳು ಒಳಕ್ಕೆ ತಿರುಗಿ ಕೂಗಿದಳು: “ಅತ್ತೇ, ಕರ್ಕೊಂಡ್ ಹೋಗಲ್ವಂತೆ!”

ಒಳಗೆ ಪಾತ್ರೆ ಸದ್ದಾಯಿತು.

“ಹಂಗಾದ್ರೆ ಕೂತ್ಕಳಕ್ ಹೇಳೇ, ಕಾಫಿ ಇಡ್ತೀನಿ.”