ಅರ್ಧ ಗಂಟೆಯ ವಿಮಾನ, ತವರಿನ ಸೀರೆ

ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ತವರಿನ ಸೀರೆ ಬಂದು ಮೈಮೇಲೆ ಬೀಳುವವರೆಗೆ ಹೆಣ ಎತ್ತುವಂತಿಲ್ಲ. ನನಗೆ ಶಾಸ್ತ್ರಗಳಲ್ಲಿ ನಂಬಿಕೆಯಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅವುಗಳ ವಿರುದ್ಧ ವಾದಿಸಿ ಬಹುಮಾನ ತಂದವಳು ನಾನು. ಆದರೂ ಅಗಳಿಯಲ್ಲಿ ಸೋದರತ್ತೆ ಸತ್ತ ಬೆಳಿಗ್ಗೆ, ಅಪ್ಪ ನಮ್ಮೂರು ರಾಯದುರ್ಗದ ಬಟ್ಟೆ ಅಂಗಡಿಯ ಬಾಗಿಲು ಬಡಿದು ತೆಗೆಸಿ, ತಮ್ಮ ಅಕ್ಕನಿಗೆ ಇಷ್ಟವಾದ ಹಸಿರು ಬಣ್ಣ ಹುಡುಕುತ್ತ ನಿಂತಾಗ ನಾನೂ ಜೊತೆಗೆ ಹುಡುಕಿದೆ. ಅವರಿಗಿದ್ದವಳು ಒಬ್ಬಳೇ ಅಕ್ಕ.

ಅಷ್ಟರಲ್ಲಿ ಅತ್ತೆಯ ಮಗ, ನನ್ನ ಬಾವನ ಫೋನು ಬಂತು. "ಮಾವ, ಮಧ್ಯಾಹ್ನದೊಳಗೆ ಬಂದ್ಬಿಡಿ. ಎಷ್ಟು ದೂರ ಐತೆ ಅಂತ ಫೋನಾಗೆ ನೋಡಿದೀನಿ. ಎರಡು ಗಂಟೆ ಸಾಕು."

"ಈ ದಾರಿ ನಿನಗ ಗೊತ್ತಿಲ್ಲೇನಪಾ? ಸಂಜಿ ಆಗ್ತದ. ಕಾಯ್ರಿ," ಎಂದರು ಅಪ್ಪ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿದೆವು. ಪಾವಗಡದಲ್ಲಿ ಮತ್ತೆ ಬದಲಿಸಬೇಕಾಯಿತು, ಕಾಯಬೇಕಾಯಿತು. ಅಲ್ಲಿಂದ ಅಪ್ಪ ಫೋನು ಮಾಡಿ, "ಬರಾಕತ್ತೀವಿ" ಎಂದರೆ ಆ ಕಡೆಯಿಂದ ಬರೀ "ಹೂಂ". ಮಡಕಶಿರಾ ದಾಟಿ ಆಟೋದಲ್ಲಿ ಅಗಳಿಗೆ ಇಳಿದಾಗ ಇನ್ನೂ ಬಿಸಿಲಿತ್ತು. ಅಂಗಳ ತೊಳೆದಿದ್ದರು. ಮಣ್ಣು ಮಾಡಿ ಬಂದು ಸ್ನಾನವೂ ಮುಗಿಸಿದ್ದರು.

"ಎರಡು ಗಂಟೆ ದಾರಿಗೆ ಇಷ್ಟೊತ್ತು ಮಾಡಿದ್ರೆ ಜನ ಏನಂತಾರೆ? ತವರಿನೋರಿಗೆ ಬರಕ್ಕೆ ಮನಸ್ಸಿಲ್ಲ ಅಂದ್ರು. ಎತ್ತಿಬಿಟ್ವಿ," ಎಂದ ಬಾವ.

ಆ ಫೋನು ಕೊಡಿ ಎಂದು ಕೇಳಿ ನೋಡಿದೆ. ಅದರಲ್ಲಿದ್ದುದು ನಮ್ಮೂರೂ ಅಲ್ಲ, ಅವರೂರೂ ಅಲ್ಲ. ಎರಡೂರಿಗೂ ಹತ್ತಿರ ಎಂದುಕೊಂಡು ಯಾವುದೋ ಜಾಲತಾಣ ಆರಿಸಿದ್ದ ಎರಡು ಸಣ್ಣ ವಿಮಾನ ನಿಲ್ದಾಣಗಳು, ಅವುಗಳ ನಡುವೆ ಆಕಾಶದಲ್ಲಿ ಎಳೆದ ನೇರ ಗೆರೆ, ಹಾರಾಟ ಸುಮಾರು ಅರ್ಧ ಗಂಟೆ. ಈ ಪುಣ್ಯಾತ್ಮ ಆ ಗೆರೆಯ ಕಿಲೋಮೀಟರು ಹಿಡಿದು ಕಾರಿನ ಲೆಕ್ಕ ಹಾಕಿದ್ದ. ಆ ಎರಡರ ನಡುವೆ ವಿಮಾನವೇ ಓಡಾಡುವುದಿಲ್ಲ. ಇಲ್ಲದ ವಿಮಾನಕ್ಕೆ ಹೊತ್ತು ಗೊತ್ತುಮಾಡುವುದು ಎಂಥ ವಿದ್ಯೆ?

"ನಾವು ಎಲ್ಲಿ ಹತ್ತಬೇಕಿತ್ರೀ ಬಾವಾ? ನಮ್ಮೂರ ಕೋಟೆ ಗುಡ್ಡದ ಮ್ಯಾಲೇನು? ಇಲ್ಲಿ ಎಲ್ಲಿ ಇಳೀಬೇಕಿತ್ತು, ನಿಮ್ಮ ಕಡ್ಲೆಕಾಯಿ ಹೊಲದಾಗ?"

"ಲಾಯರಮ್ಮ ಬಂದ್ಲು ನೋಡ್ರಪ್ಪ," ಎಂದಳು ಜಗಲಿಯ ಮೇಲಿದ್ದ ಮುದುಕಿ.

ಅನ್ನಲಿ ಬಿಡಿ, ವಾದ ಇನ್ನೂ ಇದೆ. ಏನೂ ತಿಳಿಯದವನಾಗಿದ್ದರೆ ಕ್ಷಮಿಸಬಹುದಿತ್ತು. ಚಿಕ್ಕವನಿದ್ದಾಗ ಪ್ರತಿ ಬೇಸಿಗೆ ರಜೆಗೂ ಇದೇ ದಾರಿಯಲ್ಲಿ ತಾಯಿಯ ತೊಡೆಯ ಮೇಲೆ ಕೂತು, ಕಲ್ಯಾಣದುರ್ಗ ಬರುವಷ್ಟರಲ್ಲಿ ವಾಂತಿ ಮಾಡಿಕೊಂಡು, ಹಸಿರು ಮುಖ ಹೊತ್ತು ನಮ್ಮ ಮನೆಗೆ ಬರುತ್ತಿದ್ದವನು ಇವನೇ. ತನ್ನ ಹೊಟ್ಟೆಗೆ ಗೊತ್ತಿದ್ದ ದಾರಿಯನ್ನು ಬಿಟ್ಟು ಪರದೆಯ ಗೆರೆಯನ್ನು ನಂಬಿದ. ಅದನ್ನೂ ಹೇಳಿದೆ. ವಾದ ಗೆದ್ದೆ, ಸೀರೆ ಅಪ್ಪನ ಕಂಕುಳಲ್ಲೇ ಇತ್ತು.

"ಅಮ್ಮನ ಮಣ್ಣಿನ ಗುಡ್ಡೆ ಮೇಲೆ ಹಾಸ್ಬಿಡಿ ಮಾವ, ಸರಿ ಹೋಗ್ತೈತೆ," ಎಂದ ಬಾವ.

"ನಮ್ಮಕ್ಕಗ ತಂದದ್ದು. ಮಣ್ಣಿಗಲ್ಲ," ಎಂದು ಅಪ್ಪ ತಿರುಗಿ ನಡೆದರು. ನೀರೂ ಮುಟ್ಟಲಿಲ್ಲ.

ತಿಥಿಯ ಹಿಂದಿನ ದಿನ ಬಾವ ಮತ್ತೆ ಫೋನು ಮಾಡಿದ. ನಾಳೆ ಎಷ್ಟೊತ್ತಿಗೆ ಬರ್ತೀರಾ ಅಂತ. ಅಪ್ಪ ಮಡಿಕೆ ಬಿಚ್ಚದ ಆ ಸೀರೆಯನ್ನು ಟ್ರಂಕಿಗೆ ಇಡುತ್ತಿದ್ದರು.

"ಫೋನಿನ್ಯಾಗ ನೋಡ್ಕೋ, ಅಳಿಯಾ," ಎಂದು ಕಟ್ ಮಾಡಿದರು.