ಹುಲ್ಲು ಮುಟ್ಟದ ರಜೆ

ಅಣುಸ್ಥಾವರ ಸಿಡಿದಾಗಿನಿಂದ ಫುಕುಶಿಮಾದ ಚಿಹಾರು ತನ್ನಿಬ್ಬರು ಮಕ್ಕಳಿಗೆ ಮಣ್ಣು, ಎಲೆ ಮುಟ್ಟಬೇಡಿ ಎಂದು ಹೇಳುತ್ತಲೇ ಇದ್ದಳು. ಅದನ್ನು ಹೇಳಿ ಹೇಳಿ ಅವಳಿಗೇ ಸಾಕಾಗಿತ್ತು. ಆ ಬೇಸಿಗೆ ರಜೆಗೆ ದೂರದ ಹೊಕ್ಕೈಡೊದಲ್ಲಿ, ಕಾಡಿನಂಚಿನ ಒಂದು ಮನೆ ಗೊತ್ತುಮಾಡಿದಳು.

"ವಾಪಸ್ ಬಂದ್ಮೇಲೆ ಮತ್ತೆ ಮುಟ್ಬೇಡಿ ಅಂತ ಹೇಗೆ ಹೇಳ್ತೀಯ?" ಎಂದು ಗಂಡ ಕುನಿಯೊ ಕೇಳಿದ.

"ಒಂದು ವಾರನಾದ್ರೂ ಮಕ್ಕಳ ಥರ ಇರ್ಲಿ ಬಿಡಿ."

ಅಲ್ಲಿ ಬಸ್ಸಿಳಿದ ಕೂಡಲೇ ಕಿರಿಯವನು ಹಯಾಟೊ ಹುಲ್ಲಿನಲ್ಲಿ ಬಿದ್ದು ಹೊರಳಾಡಿದ. ಆರು ವರ್ಷದ ನೊಡೊಕಾ ಮಾತ್ರ ಕೈಕಟ್ಟಿಕೊಂಡು ಡಾಂಬರು ರಸ್ತೆಯಲ್ಲೇ ನಿಂತಳು.

"ಇಲ್ಲಿ ಮುಟ್ಬಹುದು ಪುಟ್ಟಿ, ಬಾ."

"ಬೇಡಮ್ಮ. ಊರಿಗೆ ಹೋದ್ಮೇಲೆ ಮರೆತು ಮುಟ್ಟಿಬಿಡ್ತೀನಿ."

ಆ ವಾರವಿಡೀ ಮಗಳು ತಮ್ಮನ ಬಟ್ಟೆಗಂಟಿದ ಮಣ್ಣನ್ನು ಕೈಗೆ ತಾಗದಂತೆ ಕರವಸ್ತ್ರದಿಂದ ಕೊಡವುವುದರಲ್ಲೇ ಕಳೆದಳು.