ಅಕ್ಕನ ಮಗ್ಗದ ಕೆಂಪು ಗುರುತು

ಹಿಂದೂಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಂದೊಂದು ತಗಡಿನ ಶೆಡ್ಡು. ಅದರಲ್ಲಿ ಪಟ್ಟಿ ನೇಯಿಸುತ್ತೇನೆ. ಬೋರ್‌ವೆಲ್ ಮೋಟರು ಸುಟ್ಟುಹೋದಾಗ ಅದನ್ನು ಬಿಚ್ಚಿ ಹೊಸದಾಗಿ ತಂತಿ ಸುತ್ತುತ್ತಾರಲ್ಲ, ಆ ತಂತಿಯ ಮೇಲೆ ಬಿಗಿಯಾಗಿ ಬರುವ ಬೆರಳಗಲದ ಬಿಳಿ ಪಟ್ಟಿ, ಗಾಜಿನ ನೂಲಿನದು, ಅದೇ ನಮ್ಮ ಮಾಲು. ರೊದ್ದಂನಿಂದ ಚಿಲಮತ್ತೂರಿನ ತನಕ ಯಾವ ವೈಂಡಿಂಗ್ ಅಂಗಡಿಗೆ ಹೋದರೂ ಮೂಲೆಯಲ್ಲಿ ನನ್ನ ಪಟ್ಟಿಯ ಸುರುಳಿ ನೇತಾಡುತ್ತಿರುತ್ತದೆ. ಮೋಟರುಗಳು ಸುಡುತ್ತಿರುವಷ್ಟು ಕಾಲ ನಮ್ಮ ಮನೆಯಲ್ಲಿ ಒಲೆ ಉರಿಯುತ್ತದೆ. ಆದರೂ ಎಲ್ಲ ಮೋಟರುಗಳೂ ಒಂದೇ ಸಲ ಸುಡುವುದನ್ನು ನಿಲ್ಲಿಸಿಬಿಟ್ಟರೆ ಏನು ಗತಿ ಎಂದು ಯೋಚಿಸುತ್ತ ಕೂರುವುದು ನನ್ನ ಜಾಯಮಾನ. ನನ್ನ ಹೆಂಡತಿ ಇದನ್ನು ನನ್ನ ಎರಡನೇ ಉದ್ಯೋಗ ಎನ್ನುತ್ತಾಳೆ.

ಊರಿನ ಒಂದು ಕಲ್ಯಾಣ ಮಂಟಪದಲ್ಲಿ ಸಣ್ಣ ಕೈಗಾರಿಕೆಯವರ ಸಭೆ ಇತ್ತು. ಹೋದದ್ದು ಮುಖ್ಯವಾಗಿ ಊಟಕ್ಕೆ. ರಕ್ಷಣಾ ಸಂಶೋಧನೆಯ ಕಡೆಯ ಅಧಿಕಾರಿಯೊಬ್ಬರು ಬಂದಿದ್ದರು. ಸೇನೆಗೆ ಬೇಕಾದ ಉಪಗ್ರಹಗಳ ಕೆಲಸದಲ್ಲಿ ಈಗ ಸಣ್ಣ ಪುಟ್ಟ ಸಾಮಾನುಗಳನ್ನು ನಿಮ್ಮಂಥವರಿಂದಲೇ ಮಾಡಿಸುತ್ತೇವೆ, ದೊಡ್ಡ ಕಂಪನಿಗಳಿಗೆ ಇಂಥದ್ದು ಬೇಡ, ನೀವು ಅರ್ಜಿ ಹಾಕಿ ಎಂದರು. ಪರದೆಯ ಮೇಲೆ ಒಂದೊಂದೇ ಸಾಮಾನು ತೋರಿಸುತ್ತ ಹೋದಾಗ ನಡುವೆ ಒಂದು ಪಟ್ಟಿ ಬಂತು. ಸ್ಫಟಿಕ ಶಿಲೆಯಿಂದ ತೆಗೆದ ನೂಲಿನದು. ಪುಟ್ಟ ಉಪಗ್ರಹದಲ್ಲಿ ಆಂಟೆನಾವನ್ನು ಮಡಚಿ, ಮೇಲೆ ಹೋಗಿ ಬಿಚ್ಚಿಕೊಳ್ಳುವ ತನಕ ಕಟ್ಟಿಡುವುದಕ್ಕೆ. ನನಗೆ ಅದು ನಮ್ಮ ಮೋಟರು ಪಟ್ಟಿಯ ಓದಿಕೊಂಡ ದಾಯಾದಿಯ ಹಾಗೆ ಕಂಡಿತು.

ಮನೆಗೆ ಬಂದು ಹೇಳಿದರೆ ಹೆಂಡತಿ, ಪಾತಾಳಕ್ಕೆ ಇಳಿಯೋದಕ್ಕೆ ಸುತ್ತುತ್ತಿದ್ದಿರಿ, ಇನ್ನು ಆಕಾಶಕ್ಕೆ ಹೋಗೋದಕ್ಕೆ ಸುತ್ತಿ, ಅಷ್ಟೇ ತಾನೆ ಎಂದಳು. ಅವಳಿಗೆ ಎಲ್ಲವೂ ಅಷ್ಟೇ.

ಅರ್ಜಿಯಲ್ಲಿ ಈ ಕೆಲಸದಲ್ಲಿ ಏನೇನು ತಪ್ಪಾಗಬಹುದು ಬರೆಯಿರಿ ಎಂಬ ಭಾಗವಿತ್ತು. ನನ್ನ ಬದುಕಿನಲ್ಲಿ ಮೊದಲ ಸಲ ಸರ್ಕಾರ ನನಗೆ ತಕ್ಕ ಪ್ರಶ್ನೆ ಕೇಳಿತ್ತು. ಕೊಟ್ಟ ಜಾಗ ಸಾಲದೆ ಬೇರೆ ಹಾಳೆಗಳನ್ನು ಸೇರಿಸಿದೆ. ಕರೆಂಟು ಹೋಗುವುದು, ಧೂಳು, ಹುಣಸೆ ಸುಗ್ಗಿಯಲ್ಲಿ ಲಾರಿ ಸಿಗದಿರುವುದು, ಬೆವರು, ಇಲಿ. ಆಮೇಲೆ ಫೋನಿನ ಪರದೆಯಲ್ಲಿ ಮಾತಾಡಿದ ಸಂಶೋಧನಾ ಕೇಂದ್ರದ ಮೇಡಂ, ಉಳಿದವರೆಲ್ಲ ಏನೂ ತಪ್ಪಾಗುವುದಿಲ್ಲ ಎಂದು ಬರೆದಿದ್ದಾರೆ, ನಿಮ್ಮದನ್ನು ಓದುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು ಎಂದರು. ಮೊದಲ ಮೆಟ್ಟಿಲು ಹತ್ತಿದೆ. ಮಾದರಿ ನೇಯ್ದು ತೋರಿಸಿ ಎಂದು ನೂಲು ಕಳಿಸಿದರು.

ಆ ನೂಲು ನನ್ನ ಪವರ್‌ಲೂಮಿಗೆ ಒಗ್ಗಲಿಲ್ಲ. ಮಷೀನು ಒಂದು ಏಟು ಹಾಕುವಷ್ಟರಲ್ಲಿ ಎಳೆಗಳು ಪಟಪಟನೆ ಕಿತ್ತು ಬರುತ್ತಿದ್ದವು. ವೇಗ ತಗ್ಗಿಸಿದೆ, ಸ್ಪ್ರಿಂಗು ಸಡಿಲಿಸಿದೆ, ಆಮೇಲೆ ಮಷೀನು ನಿಲ್ಲಿಸಿದೆ. ಇದಕ್ಕೆ ಕೈಮಗ್ಗವೇ ಬೇಕು, ಕೈಮಗ್ಗ ಎಂದರೆ ಕಲ್ಯಾಣದುರ್ಗದಲ್ಲಿರುವ ನಮ್ಮಕ್ಕ. ಅಷ್ಟು ಹೊಳೆಯಿತು ನೋಡಿ, ಅಲ್ಲಿಂದಾಚೆ ನನಗೆ ಧೈರ್ಯ ಬಂತು. ಅಕ್ಕನ ಕೈಯ ಬಗ್ಗೆ ನಾನು ಯಾವತ್ತೂ ಹೆದರಿದವನಲ್ಲ. ಹೆದರಿಕೆಯ ನನ್ನ ಇಡೀ ರಾಜ್ಯದಲ್ಲಿ ಅದೊಂದೇ ತೆರಿಗೆಯಿಲ್ಲದ ಊರು.

ಮಡಕಶಿರಾ, ಪಾವಗಡ ದಾಟಿ ಬಸ್ಸಿನಲ್ಲಿ ನೂಲಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ನೆಲದಲ್ಲಿ ಗುಂಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಅವತ್ತು ಬಾಗಿಲ ಪಕ್ಕದ ಗೋಡೆಗೆ ದೊಡ್ಡದೊಂದು ಕಡಪ ಕಲ್ಲು ಒರಗಿತ್ತು. ಏನಿದು ಭಾವ ಎಂದೆ. ರೇಷ್ಮೆ ಸೀರೆಗೆ ನೂಲು ಕೊಡುತ್ತಿದ್ದ ಸಾಹುಕಾರರು ಕೈಮಗ್ಗಕ್ಕೆ ಕೊಡುವುದನ್ನೇ ನಿಲ್ಲಿಸಿಬಿಟ್ಟರಂತೆ. ಗುಂಡಿಗೆ ಮಣ್ಣು ತುಂಬಿ, ಮೇಲೆ ಈ ಕಲ್ಲು ಹಾಸಿ, ಕೋಣೆಯನ್ನು ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಡುವುದೆಂದು ಭಾವ ಮೇಸ್ತ್ರಿಗೂ ಹೇಳಿಯಾಗಿತ್ತು. ಅಕ್ಕ ಒಳಗಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

“ಕೆಲ್ಸ ಇದ್ರೆ ಗುಂಡಿ ಇರ್ತದೆ. ಇಲ್ದಿದ್ರೆ ಮುಚ್ಲಿ ಬಿಡು, ನಾನೇನು ಅಡ್ಡ ಬರಾಕಿಲ್ಲ,” ಎಂದಳು. ಹಾಗೆ ಹೇಳುತ್ತ ಲಾಳಿಯನ್ನು ಸೆರಗಿನಲ್ಲಿ ಒರೆಸುತ್ತಿದ್ದಳು, ಮುಚ್ಚುವ ಮಗ್ಗದ ಲಾಳಿ ಎಷ್ಟು ಚೊಕ್ಕ ಇದ್ದರೇನು.

ಈಗ ನನ್ನ ಪಟ್ಟಿ ಪಾಸಾಗುವುದಕ್ಕೂ ಆ ಗುಂಡಿ ಉಳಿಯುವುದಕ್ಕೂ ಗಂಟು ಬಿತ್ತು. ಭಾವ ಮೇಸ್ತ್ರಿಗೆ ಆಮೇಲೆ ಬಾ ಎಂದರು.

ನಾನು ಎಚ್ಚರಿಕೆಗಳ ಮೂಟೆ ಬಿಚ್ಚಿದೆ. ರೇಷ್ಮೆ ಎಳೆ ಹೊಸೆಯುವಾಗ ನಮ್ಮವರು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಾರೆ, ಜಾರದ ಹಾಗೆ. ಬೂದಿ ಬಟ್ಟಲು ಕೋಣೆಯಲ್ಲೇ ಇರಬಾರದು ಎಂದೆ. ಅಡುಗೆಮನೆಗೆ ಹೋಯಿತು. ತಲೆಗೆ ಎಣ್ಣೆ ಹಚ್ಚಿಕೊಂಡು ಕೂರಬೇಡ ಎಂದೆ. ತಲೆಗೆ ಬಟ್ಟೆ ಬಿಗಿದಳು. ಮಗ್ಗಕ್ಕೆ ಪೂಜೆ ಮಾಡು, ಆದರೆ ಅರಿಶಿನ ಕುಂಕುಮ ಪಟ್ಟಿಯ ಮೇಲೆ ಉದುರದ ಹಾಗೆ ಎಂದೆ. ಬೆಕ್ಕಿನ ವಿಷಯ ಎತ್ತಿದಾಗ ಭಾವ ತಮ್ಮ ತೆಲುಗು ಬೆರೆಸಿ, ಬಾಮರ್ದಿ, ಈ ಪಿಲ್ಲಿನಿ ಕೂಡ ಹಿಂದೂಪುರಕ್ಕೆ ಕರ್ಕೊಂಡು ಹೋಗಿಬಿಡಪ್ಪ ಎಂದರು.

ಪಟ್ಟಿ ಮುಗಿದಾಗ ನೋಡಿದೆ. ಬೆಳದಿಂಗಳನ್ನು ಸೀಳಿ ಸುತ್ತಿಟ್ಟ ಹಾಗಿತ್ತು ಎಂದು ಬರೆದರೆ ಅಕ್ಕನೇ ನಗುತ್ತಾಳೆ, ಆದರೆ ಹಾಗೇ ಇತ್ತು. ಅಂಚು ಗೆರೆ ಎಳೆದಂತೆ, ಎಲ್ಲೂ ಒಂದು ನವಿರು ಎದ್ದಿಲ್ಲ. ಮೇಡಂ ಕೆಲಸ ನಡೆಯುವ ಜಾಗವನ್ನೂ ನೋಡಬೇಕೆಂದು ಖುದ್ದಾಗಿ ಕಲ್ಯಾಣದುರ್ಗಕ್ಕೆ ಬಂದರು. ನಾನು ಅವರಿಗೆ ಕಳಿಸಿದ ವಿಳಾಸದಲ್ಲಿ ಉತ್ಪಾದನಾ ಘಟಕ ಎರಡು ಎಂದು ಬರೆದಿದ್ದೆ. ಘಟಕ ಎರಡರ ಬಾಗಿಲಲ್ಲಿ ಭಾವ ಪಂಚೆ ಸರಿಮಾಡಿಕೊಂಡು ನಿಂತಿದ್ದರು, ಘಟಕ ಎರಡರ ಬೆಕ್ಕು ಒಲೆಯ ಹತ್ತಿರ ಮಲಗಿತ್ತು.

ಮೇಡಂ ಗುಂಡಿಯ ಅಂಚಿನಲ್ಲಿ ಕುಳಿತು, ಭೂತಗನ್ನಡಿ ಹಿಡಿದು, ಪಟ್ಟಿಯನ್ನು ಮೊದಲಿಂದ ಕೊನೆಯ ತನಕ ಬೆರಳ ನಡುವೆ ಹಾಯಿಸಿದರು. ಅಗಲ ಸರಿ, ದಪ್ಪ ಸರಿ, ಬಿಗಿ ಸರಿ. ತಾವು ಬೇರೆ ಕಡೆಯಿಂದ ತರಿಸಿ ನೋಡಿದ್ದಕ್ಕಿಂತ ಇದು ಚೆನ್ನಾಗಿದೆ ಎಂದೂ ಅಂದರು. ನಾನು ಗೋಡೆಗೆ ಒರಗಿದ ಕಡಪ ಕಲ್ಲನ್ನು ನೋಡಿ ಒಳಗೇ ನಕ್ಕೆ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಅಮ್ಮ, ನೇಯುವಾಗ ಎಳೆ ಎಲ್ಲೆಲ್ಲಿ ಕಿತ್ತಿತ್ತು?”

ಅಕ್ಕನ ಮುಖ ಅರಳಿತು. ಇಡೀ ದಿನ ಅವಳು ಇದೇ ಪ್ರಶ್ನೆಗೆ ಕಾದಿದ್ದಳೇನೋ. “ಕಿತ್ತಿತ್ತು ಕಣಮ್ಮ, ಸುಮಾರು ಸಲ ಕಿತ್ತಿತ್ತು. ಎಲ್ಲಿ ಅಂತ ನೀವೇ ಹುಡುಕಿ ನೋಡಾನ.”

ಮೇಡಂ ಮತ್ತೆ ಕನ್ನಡಿ ಹಿಡಿದರು. ಸಿಗಲಿಲ್ಲ. ನನ್ನನ್ನು ನೋಡಿದರು. ನಾನು ಹುಡುಕಿದೆ, ಸಿಗಲಿಲ್ಲ. ಕಿತ್ತ ಎಳೆಯ ಪಕ್ಕದಲ್ಲೇ ಹೊಸ ಎಳೆಯನ್ನು ಗೇಣುದ್ದ ಜೊತೆಯಾಗಿ ಹಾಯಿಸಿ, ಹಳೆಯದನ್ನು ಪಟ್ಟಿಯ ಹೊಟ್ಟೆಯೊಳಗೆ ಮುಚ್ಚಿಕೊಂಡು ಹೋಗಿದ್ದಳು ಅಕ್ಕ. ಕೊನೆಗೆ, ನೀವೇ ತೋರಿಸಿ ಅಮ್ಮ ಎಂದರು ಮೇಡಂ. ಅಕ್ಕ ಪಟ್ಟಿಯನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಸವರಿದಳು. ಅವಳಿಗೂ ಸಿಗಲಿಲ್ಲ. ಅದಕ್ಕೂ ಅವಳು ಹೆಮ್ಮೆಯಿಂದ ನಕ್ಕಳು. ಮೇಡಂ ನಗಲಿಲ್ಲ.

ಅವರು ಮೆತ್ತಗೇ ವಿವರಿಸಿದರು. ಎಳೆ ಸೇರಿಸಿದ ಜಾಗದಲ್ಲಿ ಪಟ್ಟಿಗೆ ಪೂರ್ತಿ ಬಲ ಇರುವುದಿಲ್ಲ. ಎಳೆ ಕೀಳುವುದು ತಪ್ಪಲ್ಲ, ಎಲ್ಲಿ ಎಂದು ಗೊತ್ತಿದ್ದರೆ ಅಷ್ಟನ್ನು ಕತ್ತರಿಸಿ ಬಿಟ್ಟು, ನಡುವಿನ ಗಟ್ಟಿ ತುಂಡುಗಳನ್ನು ಅವರು ಬಳಸುತ್ತಾರೆ. ಎಲ್ಲಿ ಎಂದೇ ಗೊತ್ತಿಲ್ಲದಿದ್ದರೆ ಇಷ್ಟುದ್ದದಲ್ಲಿ ಒಂದು ಗೇಣನ್ನೂ ನಂಬುವಂತಿಲ್ಲ. ಉಳಿದ ನೂಲಿನಲ್ಲಿ ಇನ್ನೊಂದು ಸಲ ನೇಯ್ದು, ಕಿತ್ತಲ್ಲೆಲ್ಲ ಕಾಣುವ ಹಾಗೆ ಗುರುತು ಹಾಕಿ ಕಳಿಸಿ, ಅದೂ ಆಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಹೇಳಿ ಹೊರಟರು.

ಬೂದಿ, ಎಣ್ಣೆ, ಕುಂಕುಮ, ಬೆಕ್ಕು. ಎಲ್ಲಕ್ಕೂ ಹೆದರಿದ್ದೆ. ಅಕ್ಕ ತುಂಬಾ ಚೆನ್ನಾಗಿ ನೇಯ್ದುಬಿಟ್ಟರೆ ಎಂದು ಮಾತ್ರ ಹೆದರಿರಲಿಲ್ಲ.

ಮೇಡಂ ಅವರ ಜೀಪು ತಿರುವು ದಾಟುವುದನ್ನು ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ, ಕಣ್ಣಿಗೆ ಕಾಣುವ ಹಾಗೆ ಎಳೆ ಸೇರಿಸಿದ್ದಕ್ಕೆ ಅಪ್ಪ ತನ್ನನ್ನು ಮಗ್ಗದಿಂದ ಎಬ್ಬಿಸಿ ಕಳಿಸಿದ್ದು ನೆನಪಿದೆಯೇನೋ ಎಂದು ಕೇಳಿದಳು. ನೆನಪಿತ್ತು. ನಮ್ಮ ಮನೆಯಲ್ಲಿ ಮಾನವೆಂದರೆ ಅದೇ. ಕಿತ್ತದ್ದು ಯಾರಿಗೂ ತಿಳಿಯಬಾರದು.

“ಮೆರವಣಿಗೆ ಮಾಡಿದಂಗೆ ಗುರ್ತು ಹಾಕು ಅಂತಾರಲ್ಲ, ನಾನು ಹಾಕಾಕಿಲ್ಲ ಕಣ್ಲಾ.”

“ಅಕ್ಕಾ, ಇದು ಮೇಲೆ ಹೋಗೋದು. ಅಲ್ಲಿ ಕಿತ್ತುಹೋದ್ರೆ ಎಳೆ ಸೇರಿಸೋಕೆ ನೀನು ಹೋಯ್ತೀಯಾ?”

“ಬಸ್ಸಿದ್ರೆ ಹೋಯ್ತೀನಿ,” ಎಂದು ಒಳಗೆ ಹೋಗಿ ಅನ್ನಕ್ಕಿಟ್ಟಳು.

ನಾನು ಅವತ್ತು ಅಲ್ಲೇ ಉಳಿದೆ. ಅಕ್ಕನಿಗೆ ಬುದ್ಧಿ ಹೇಳಿ ಗೆದ್ದವರು ನಮ್ಮ ವಂಶದಲ್ಲಿ ಯಾರೂ ಇಲ್ಲ, ನಾನು ಹೊಸ ದಾಖಲೆ ಮಾಡಲು ಹೊರಟಿರಲಿಲ್ಲ. ಬೆಳಿಗ್ಗೆ, ಭಾವ ಮತ್ತೆ ಹೇಳಿಕಳಿಸಿದ್ದ ಮೇಸ್ತ್ರಿ ಬಂದು ಕಲ್ಲಿನ ಅಳತೆ ನೋಡಿ, ಗುಂಡಿಯೊಳಗೆ ಇಣುಕಿ, ಒಂದು ಟ್ರ್ಯಾಕ್ಟರ್ ಮಣ್ಣು ಸಾಕು ಎಂದ. ಅಕ್ಕ ಅವನ ಪಕ್ಕದಲ್ಲೇ ಗುಂಡಿಗೆ ಇಳಿದು ಕುಳಿತಳು. ಇನ್ನು ಅವನು ಮಣ್ಣು ಸುರಿಯಬೇಕಾದರೆ ಅವಳ ಮೇಲೇ ಸುರಿಯಬೇಕು. ಕಾಲ ಹತ್ತಿರದ ಗೂಡಿನಿಂದ ಹಳೆಯ ಸೀರೆ ಅಂಚಿನ ಕೆಂಪು ರೇಷ್ಮೆಯ ತುಂಡುಗಳನ್ನು ತೆಗೆದು ತೊಡೆಯ ಮೇಲೆ ಹರಡಿಕೊಂಡಳು.

“ಉಡೋ ಬಟ್ಟೆ ಆದ್ರೆ ಮುಚ್ಬೇಕು. ಉಟ್ಟೋಳ್ ಮಾನ ನಮ್ ಕೈಲಿರ್ತದೆ,” ಎಂದಳು, ಯಾರನ್ನೂ ನೋಡದೆ. “ಇದನ್ನ ಯಾರೂ ಉಡಾಕಿಲ್ವಲ್ಲ. ಆ ನೂಲು ಕೊಡು ಕಣ್ಲಾ.”

ಭಾವ ಮೇಸ್ತ್ರಿಯ ಹೆಗಲ ಮೇಲೆ ಕೈಹಾಕಿ ಟೀ ಕುಡಿಸಲು ಕರೆದುಕೊಂಡು ಹೋದರು.

ಎರಡನೇ ಪಟ್ಟಿ ನೇಯುವ ಅಕ್ಕ ಬೇರೆಯೇ ಅಕ್ಕ. ಪ್ರತಿ ಸಲ ಕಿತ್ತಾಗಲೂ ಕೆಂಪು ಚೂರು ಕಟ್ಟುವಾಗ ಅವಳ ಮುಖ ನೋಡುವ ಹಾಗಿರಲಿಲ್ಲ. ಆ ಅವಮಾನ ತಪ್ಪಿಸಿಕೊಳ್ಳಲು ಕೀಳದ ಹಾಗೆಯೇ ನೇಯುವುದಕ್ಕೆ ಹೊರಟಳು. ಬಿಸಿಲೇರುವ ಮುಂಚೆ ಮಾತ್ರ ಕೂತಳು. ಮಗ್ಗದ ಸುತ್ತ ಒದ್ದೆ ಗೋಣಿ ಹಾಸಿದಳು. ಹಣಿಗೆಯ ಒಂದೊಂದು ಹಲ್ಲನ್ನೂ ರೇಷ್ಮೆ ಬಟ್ಟೆಯಲ್ಲಿ ಉಜ್ಜಿ ನುಣುಪು ಮಾಡಿದಳು. ಪಟ್ಟಿಯ ಶುರುವಿನಲ್ಲಿ ಕೆಂಪು ಒತ್ತೊತ್ತಾಗಿತ್ತು, ಬರುಬರುತ್ತ ದೂರ ದೂರವಾಯಿತು, ಕೊನೆಯ ಕಡೆ ಹುಡುಕುವಂತಾಯಿತು.

ಅದನ್ನು ಕಳಿಸಿದೆ. ಕೆಂಪಿನಿಂದ ಕೆಂಪಿಗೆ ಕತ್ತರಿಸಿ, ಮಷೀನಿಗೆ ಕಟ್ಟಿ ಎಳೆದು ನೋಡಿದರಂತೆ. ಬೇಕಾದ್ದಕ್ಕಿಂತ ಹೆಚ್ಚೇ ತಡೆದುಕೊಂಡಿತು ಎಂದು ಮೇಡಂ ಫೋನು ಮಾಡಿದರು. ಹಾಗಾದರೆ ಎಳೆದ ಮಷೀನು ಸರಿಯಿತ್ತೇ ಮೇಡಂ ಎಂದು ನಾನು ಕೇಳಿದ್ದನ್ನು ಅವರು ಈಗಲೂ ಆಡಿಕೊಳ್ಳುತ್ತಾರೆ.

ಕೆಲಸ ನಮಗೇ ಬಂತು. ಯಾವ ಉಪಗ್ರಹ, ಯಾವಾಗ ಹಾರುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗುಟ್ಟಾಗಿರಲಿ ಎಂದು ಭಾವನಿಗೆ ಕೈಮುಗಿದು ಹೇಳಿದ್ದೆ. ಸಂಜೆಯೊಳಗೆ ಅವರು ಟೀ ಅಂಗಡಿಯಲ್ಲಿ, ನಮ್ಮ ಮನೆಯವಳು ಆಕಾಶಕ್ಕೆ ದಾರ ನೇಯ್ತಿದ್ದಾಳೆ ಎಂದು ಸಾರಿಬಿಟ್ಟಿದ್ದರು. ಇಡೀ ಅಂಗಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ. ಇದಕ್ಕಿಂತ ಭದ್ರವಾದ ಕಾವಲು ಬೇರೆ ಬೇಕೆ.

ಕಡಪ ಕಲ್ಲನ್ನು ಮೇಸ್ತ್ರಿ ಜಗಲಿಯ ಮೇಲೆ ಹಾಸಿಕೊಟ್ಟ. ಕಪ್ಪು ಕಲ್ಲಿನ ಮೇಲೆ ಬಿಳಿ ಪಟ್ಟಿ ಬಿಡಿಸಿದರೆ ಎಳೆ ಎಳೆಯೂ ಕಾಣುತ್ತದೆ. ಒಂದೊಂದು ಪಟ್ಟಿ ಮುಗಿದಾಗಲೂ ಅಕ್ಕ ಅಲ್ಲಿ ಹಾಸಿ ನೋಡಿ ನನಗೆ ಫೋನು ಮಾಡುತ್ತಾಳೆ. ಹೋದ ಸಲ ಮಾಡಿದಾಗ ದನಿ ಬೇರೆ ಇತ್ತು.

“ಈ ಪಟ್ಟೀಲಿ ಕೆಂಪೇ ಇಲ್ಲ ಕಣ್ಲಾ.”

ನಿಜವಾಗಿ ಕಿತ್ತಿಲ್ಲವೋ, ಇಲ್ಲಾ ಹಳೆಯ ಅಭ್ಯಾಸದಲ್ಲಿ ಮುಚ್ಚಿಬಿಟ್ಟಳೋ. ಬಾಯಿ ತೆರೆಯುವ ಮುಂಚೆಯೇ ಅವಳಿಗೆ ಕೇಳಿಸಿಬಿಟ್ಟಿತು.

“ಏಮಿರಾ, ಅನುಮಾನನಾ? ಬಂದು ಕಲ್ಲಿನ್ ಮ್ಯಾಲೆ ಹಾಸ್ಕೊಂಡು ನೋಡ್ಕೋ.”

ಬಸ್ಸು ಹತ್ತಿ ಹೋದೆ. ಕಲ್ಲಿನ ಮೇಲೆ ಹಾಸಿ ಕನ್ನಡಿ ಹಿಡಿದು ನೋಡಿದೆ, ಏನೂ ಸಿಗಲಿಲ್ಲ. ಮೊದಲ ಪಟ್ಟಿಯಲ್ಲೂ ಏನೂ ಸಿಕ್ಕಿರಲಿಲ್ಲ, ಹಾಗಾಗಿ ನೋಡಿದ್ದರಿಂದ ಬಂದ ಭಾಗ್ಯ ಅಷ್ಟೇ. ತಲೆ ಎತ್ತಿದರೆ ಅಕ್ಕ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮುಂದಿನ ಹಾಸು ಸರಿಮಾಡುತ್ತಿದ್ದಳು. ಪಕ್ಕದ ತಟ್ಟೆಯಲ್ಲಿ ಕೆಂಪು ಚೂರುಗಳು, ಹೋದ ಸಲ ನಾನು ನೋಡಿದಷ್ಟೇ, ಮುಟ್ಟದೆ ಬಿದ್ದಿದ್ದವು. ಅದೂ ಏನನ್ನೂ ಸಾಬೀತು ಮಾಡುವುದಿಲ್ಲ, ಅಕ್ಕನ ಮಾತೊಂದೇ ಸಾಕು ಎಂದುಕೊಂಡು ನಾನು ಕನ್ನಡಿಯನ್ನು ಜೇಬಿಗೆ ಹಾಕಿಕೊಂಡೆ, ಪಟ್ಟಿಯನ್ನು ಸುತ್ತಿದೆ, ಡಬ್ಬಿಯ ಮೇಲೆ ಇದರಲ್ಲಿ ಎಲ್ಲೂ ಎಳೆ ಕಿತ್ತಿಲ್ಲ ಎಂದು ಬರೆದು ಸಹಿ ಹಾಕಿದೆ. ಸಹಿ ಹಾಕುವಾಗ ಹೆದರಿಕೆಯೇ ಆಗಲಿಲ್ಲ. ಅದೇ ಒಂದು ಸ್ವಲ್ಪ ಯೋಚನೆಗೆ ಹಚ್ಚಿತು.